ಬಿಕ್ಕಿ ಗಿಡ

ಡೋಣಿ ತಾಂಡಾದ ಸೋಮ್ಲೆಪ್ಪ ತಂದಾಗ
ಅದು ಗಿಡ ಆಗಿರಲಿಲ್ಲ.
ಹಸಿ ಗೋಣಿತಾಟಿನಾಗ ಸುತ್ತಿದ
ಗೇಣುದ್ದ ಕಟ್ಟಿಗಿ ಚೂರು,
ತುದಿಗೆ ಒಂದು ಹನಿ ಹಳದಿ ಅಂಟು.
"ಕಪ್ಪತಗುಡ್ಡದ್ದು. ಹೆಸರು ಬಿಕ್ಕಿ.
ಕೆಂಪು ಮಣ್ಣು ಹಾಕು, ನೀರು ಕಮ್ಮಿ ಹಾಕು,
ಮ್ಯಾಲಿಂದ ಮ್ಯಾಲೆ ಮುಟ್ಟಿ ನೋಡಬ್ಯಾಡ" ಅಂದ.
ಅವನ ಹೆಂಡತಿಯ ಕಸೂತಿ ದಾರಕ್ಕ
ಬಣ್ಣ ಹಾಕಿಕೊಟ್ಟ ಹಳೆ ಬಾಕಿ
ನೂರಾ ಎಂಬತ್ತು ರೂಪಾಯಿ
ಅಲ್ಲಿಗೆ ಚುಕ್ತಾ.

ಬೆಟಗೇರಿಯಾಗ ನಮ್ಮದು ಬಣ್ಣದ ಮನಿ.
ಹಿತ್ತಲದಾಗ ಮೂರು ಬಾನಿ, ಒಂದು ಒಲಿ.
ನಲವತ್ತು ವರ್ಷ ಕುದಿಸೇನಿ
ದಾಳಿಂಬರ ಕೆಂಪು, ನವಿಲುಗೊರಳ ನೀಲಿ,
ಕುಂಬಳಹೂವಿನ ಬಣ್ಣ, ಬದನಿ ಬಣ್ಣ;
ಉಳಿದ ನೀರು ನೆಲಕ್ಕ ಚೆಲ್ಲೇನಿ.
ಮಗ್ಗ ಒಂದೊಂದ ನಿಂತವು,
ಆಮ್ಯಾಲೆ ಒಲಿ.
ಅಗದು ನೋಡಿದರ ಮಣ್ಣಿನಾಗ
ಪದರ ಪದರ ಹಳೆ ಸೀರಿ,
ಎರೆಹುಳದ ಸುದ್ದಿನ ಇಲ್ಲ.

ನಾಲ್ಕು ದಿನ ಹಿಡೀತು, ಎದಿಮಟ ತಗ್ಗು.
ಬಿಂಕದಕಟ್ಟಿ ಕಡೆಯಿಂದ
ಟಂಟಂನಾಗ ಕೆಂಪು ಮಣ್ಣು.
ನಟ್ಟೆ.

ಮೊದಲ ಮಳಿಗೆ ನಾಲ್ಕ ಎಲಿ.
ದೀಪಾವಳಿಗೆ ಎಣ್ಣಿ ಹಚ್ಚಿದಂಗ ಮಿಂಚು.
ಸಂಕ್ರಮಣಕ್ಕ ಎಲ್ಲಾ ಉದುರಿಸಿ
ಛತ್ರಿ ಕಡ್ಡಿಹಂಗ ನಿಂತಿತು.
ಮರುವರ್ಷನೂ ಹಂಗ.
ಅದರ ಮರುವರ್ಷನೂ.

ಕರೆಂಟ್ ಬಿಲ್ಲಿನ ಹುಡುಗ ತಿಂಗಳಿಗೊಮ್ಮೆ ಕೇಳತಿದ್ದ,
"ಕಾಕಾ, ಇದ್ಯಾಕ ಕಡ್ಡಿಗೆ ನೀರು ಹಾಕ್ತೀರಿ?"
ಸಾವಂತ್ರವ್ವ ಚಹಾದ ಬಸಿ ಕೈಯಾಗ ಹಿಡದು,
"ಒಣಗಿದ್ದು ಹಿತ್ತಲದಾಗ ಇರಬಾರದು,
ಒಲಿಗೆ ಹಾಕೂಣ."
ಗ್ವಾಡಿ ಆಚೆಯಿಂದ ದಾವಲಬಿ,
"ಹೆಸರಾ ಬಿಕ್ಕಿ, ಇನ್ನ ಅದೇನ ನಗತೈತಿ!"
ನಕ್ಕು, ಮೊಮ್ಮಗನ ಹೊಟ್ಟಿಹುಳಕ್ಕ ಅಂತ
ತುದಿಯ ಅಂಟು ಕೆರಕೊಂಡು ಹ್ವಾದಳು.
ಆ ಅಂಟೋ, ಬೆಕ್ಕಿನ ಉಚ್ಚಿ ನಾತ.
ದಿನಾ ಮಟಾ ಆಕಿ ಮನಿಯಾಗ
ಯಾರೂ ಉಣ್ಣಲಿಲ್ಲಂತ.

ನಾನು ಮಾತಾಡಲಿಲ್ಲ.
ಮೊನ್ನೆ ಮೊನ್ನೆ ಬೆಳ್ಳಗಾದ ನನ್ನ ಉಗುರಿನಿಂದ
ತೊಗಟಿ ಒಂದೀಟು ಕೆರೆದು
ಸಾವಂತ್ರವ್ವಗ ತೋರಿಸಿದೆ.
ಒಳಗ ಹಸಿರು.
ಅಂಥಾ ಹಸಿರು ನನ್ನ ಬಾನಿಗೆ
ಒಂದು ದಿನಾನೂ ಹದಕ್ಕ ಬರಲಿಲ್ಲ.
ಒಮ್ಮೆ ಕಪ್ಪಾಗತಿತ್ತು,
ಒಮ್ಮೆ ತೊಳೆದ್ರ ಬಿಡತಿತ್ತು.

ನಾಲ್ಕನೇ ವರ್ಷ ಹೋಳಿ.
ಹಿಂದಕ ಓಣಿ ಹುಡುಗರು
ನನ್ನ ಬಾನಿಗೆ ಕೊಡ ತಗೊಂಡು ಬರತಿದ್ರು;
ಈಗ ಪಾಕೀಟಿನ ಪುಡಿ.
ಹಲಗಿ ಸಪ್ಪಳ ತೆಂಗಿನಕಾಯಿ ಬಜಾರ ದಾಟಿತು,
ನಲ್ಲಿ ಬಂದಿತು, ಹಿತ್ತಲಕ್ಕ ಹ್ವಾದೆ.
ಎಲಿ ಇಲ್ಲದ ಟೊಂಗಿ ತುದಿಗೆ
ಒಂದು ಬಿಳಿ ಹೂವು.
ಇಡೀ ಗದಗಿನಾಗ ಅವತ್ತು
ಬಣ್ಣ ಹತ್ತದ್ದು ಅದೊಂದ.
ಸಂಜಿಗತ್ತಲಾಗ ಅದರ ವಾಸನಿ
ದಾವಲಬಿಯನ್ನ ಗ್ವಾಡಿ ಮ್ಯಾಲೆ ಎಬ್ಬಿಸಿ ನಿಂದ್ರಿಸಿತು.

ಮರುದಿನ ಮಧ್ಯಾಹ್ನ ನೋಡ್ತೀನಿ, ಹೂವು ಹಳದಿ.
ಎದಿ ಧಸಕ್ಕಂತು.
ತಗ್ಗಿನ ಅಂಚಿನ ಮಣ್ಣು ಹಿಡಿ ತುಂಬ ತಗೊಂಡು
ಬಿಸಿಲಿಗೆ ಹಿಡದು ನೋಡಿದೆ.
ಹಳೆ ಪಾಪದ ನೀರು
ಬೇರಿಗೆ ಮುಟ್ಟಿತೇನು?
ಸೋಮ್ಲೆಪ್ಪಗ ಫೋನ್ ಹಚ್ಚಿದೆ.
ಆಕಡೆ ಆಡಿನ ಸಪ್ಪಳ, ನಗಿ.
"ಅದರ ಗುಣಾನ ಅದು ಮಾರಾಯಾ.
ರಾತ್ರಿ ಬಿಳೀದು ಅರಳತೈತಿ,
ಮರುದಿನ ತಾನ ಹಳದಿ ಆಗತೈತಿ."

ತಾನ.
ಒಲಿ ಇಲ್ಲ, ಉಪ್ಪಿಲ್ಲ, ಸ್ಫಟಿಕ ಇಲ್ಲ,
ಅರಿಷಿಣ ಹೆಚ್ಚಾತು ಅಂತ ಬೈಯೂ ಸಾವಕಾರ ಇಲ್ಲ.
ಚಾಳಿ ಬಿಡಲಿಲ್ಲ ನಾನು,
ಉದುರಿದ್ದನ್ನ ಧೋತರದ ಚುಂಗಿಗೆ ತಿಕ್ಕಿದೆ.
ತೊಳೆದೆ. ಹ್ವಾತು.
ನಿಲ್ಲೂ ಬಣ್ಣ ಅಲ್ಲದು.

ಈಗ ಹೂವು ಆರೋ ಏಳೋ.
ಸಾವಂತ್ರವ್ವ ರಾತ್ರಿ ಬಿಳೀದು ಮುಡೀತಾಳ,
ಹಳದಿ ಮುಡಕೊಂಡು ಏಳತಾಳ,
ಒಲಿ ಮಾತು ಎತ್ತೂದಿಲ್ಲ.
ಪಡುವಣ ಕಡೆ ಟೊಂಗಿ ಒಂದು
ಇನ್ನೂ ಬೋಳು.
ಕೆರೆದು ನೋಡಬೇಕಂತ ಉಗುರು ಚಾಚಿ
ಹಿಂದಕ್ಕ ತಗೊಂಡೆ.